ಬಾಗೇಪಲ್ಲಿ ಬೋರ್‌ವೆಲ್ ನೀರಿನ ಪೇಪರ್: ಡಿಸರ್ಟೇಶನ್ ಬಿಚ್ಚಿ ಮತ್ತೆ ಕಟ್ಟಿದ್ದು

ಕೈಗೆ ಬಂದ ಸಾಮಾನು ಇಷ್ಟು. ಸ್ಪೈರಲ್ ಬೈಂಡ್ ಮಾಡಿದ ಒಂದು ಎಂ.ಎಸ್ಸಿ. ಡಿಸರ್ಟೇಶನ್ (ಕೋರ್ಸಿನ ಕೊನೆಗೆ ಬರೆಯುವ ಸಂಶೋಧನಾ ಪ್ರಬಂಧ), ಒಂದು ಎಕ್ಸೆಲ್ ಫೈಲು, ಮೂಲೆಗಳು ಮಡಚಿಹೋದ ಒಂದು ಫೀಲ್ಡ್ ನೋಟ್‌ಬುಕ್. ವಿಷಯ, ಬಾಗೇಪಲ್ಲಿ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಅಂಶ. ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಅದೇ ಬೋರ್‌ವೆಲ್‌ಗಳ ನೀರು ಹಿಡಿದು ಅಳೆದವಳು ನನ್ನ ಹಳೇ ವಿದ್ಯಾರ್ಥಿನಿ. ಡಿಸರ್ಟೇಶನ್ನನ್ನೇ ಚಿಕ್ಕದು ಮಾಡಿ ಒಂದು ಜರ್ನಲ್‌ಗೆ ಕಳಿಸಿದ್ದಳು. ಸಂಪಾದಕರು ರಿವ್ಯೂಗೂ, ಅಂದರೆ ವಿಷಯ ತಿಳಿದವರ ಪರಿಶೀಲನೆಗೂ, ಕಳಿಸದೆ ವಾಪಸ್ ಮಾಡಿದರು. ಈ ಕೆಲಸದಲ್ಲಿ ಹೊಸದೇನು ಅನ್ನುವುದು ಗೊತ್ತಾಗುತ್ತಿಲ್ಲ ಅಂತ ಒಂದೇ ಸಾಲಿನ ಕಾರಣ.

ನಾನು ಚಿಕ್ಕಬಳ್ಳಾಪುರದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ನೋಡಿದಾಗ ಒಂದು ಮಾತು ಖಾತ್ರಿಯಾಯಿತು. ಕೆಲಸ ಗಟ್ಟಿಯಾಗಿದೆ, ಕಟ್ಟಿದ ರೀತಿಯಲ್ಲಿ ಅದು ಮುಚ್ಚಿಹೋಗಿದೆ. ಇಂಥ ಅಳತೆಗಳು ಲೈಬ್ರರಿಯ ಕಪಾಟಿನಲ್ಲಿ ಕೂತುಬಿಟ್ಟರೆ ಆ ತಾಲ್ಲೂಕಿಗೆ ಏನೂ ಪ್ರಯೋಜನ ಇಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನಗಳಲ್ಲಿ ಕೂತು ರಿಪೇರಿ ಮಾಡೋಣ ಅಂದುಕೊಂಡೆವು. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಡಿಸರ್ಟೇಶನ್ ಮುಗಿಸಿ ಮುಂದೇನು ಅಂತ ಕೂತಿರುವ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ.

ಮೊದಲು ಪ್ರಶ್ನೆ ಹುಡುಕಿದ್ದು

ಕಂಪ್ಯೂಟರ್ ಆನ್ ಮಾಡುವ ಮುಂಚೆ ಕೇಳಿದೆ: "ಏನು ಕಂಡುಕೊಂಡೆ ಹೇಳಮ್ಮ. ಕಾಗದ ನೋಡ್ಬೇಡ."

"ಮೇಡಂ, ಮಳೆ ಚೆನ್ನಾಗಿ ಬಂದ್ರೆ ಫ್ಲೋರೈಡ್ ಇಳಿಯುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ಅಂದ್ಕೊಂಡಿದಾರೆ. ಎಲ್ಲಾ ಬೋರಲ್ಲೂ ಹಾಗಾಗಲ್ಲ. ಕೆಲವು ಕಡೆ ಮಳೆ ಆದ್ಮೇಲೆ ಜಾಸ್ತಿನೇ ಆಗಿದೆ."

ಇದೇ ಪೇಪರ್! ಆದರೆ ಡಿಸರ್ಟೇಶನ್ನಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಬೇಸಿಗೆಯ ಸರಾಸರಿಗೂ ಮಳೆ ನಂತರದ ಸರಾಸರಿಗೂ ಅಂಥ ವ್ಯತ್ಯಾಸವಿಲ್ಲ, ಆದ್ದರಿಂದ ಋತುವಿನ ಪರಿಣಾಮವಿಲ್ಲ ಅಂತ ಅದರಲ್ಲಿ ಬರೆದಿತ್ತು. ಇಳಿದ ಬೋರ್‌ವೆಲ್‌ಗಳೂ ಏರಿದ ಬೋರ್‌ವೆಲ್‌ಗಳೂ ಸರಾಸರಿಯಲ್ಲಿ ಒಂದನ್ನೊಂದು ಹೊಡೆದುಹಾಕಿದ್ದವು. ಹೊಸದೇನು ಅಂತ ಸಂಪಾದಕರು ಕೇಳಿದ್ದಕ್ಕೆ ಉತ್ತರ ಆ ಸರಾಸರಿಯ ಕೆಳಗೇ ಇತ್ತು.

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಪೇಪರ್ ಅಂದರೆ ನಾಲ್ಕು ಪ್ರಶ್ನೆಗೆ ಉತ್ತರ ಎಂದಿದ್ದರು. ಯಾಕೆ ಶುರು ಮಾಡಿದಿರಿ, ಏನು ಮಾಡಿದಿರಿ, ಏನು ಸಿಕ್ಕಿತು, ಅದರ ಅರ್ಥವೇನು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅಂತ ನಾವು ಮಾಡುವ ನಾಲ್ಕು ಭಾಗಗಳೂ ಇವೇ. ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದು, ಅವಳು ಬಾಯಲ್ಲಿ ಹೇಳಿದ ಉತ್ತರವನ್ನು ಒಂದೊಂದರ ಕೆಳಗೆ ಒಂದೊಂದು ಸಾಲಿನಂತೆ ಹಾಕಿದೆವು. ಪೇಪರ್ ಇಂಗ್ಲಿಷಿನದ್ದಾದರೂ ಈ ನಾಲ್ಕು ಸಾಲು ಕನ್ನಡದಲ್ಲೇ ಇದ್ದವು. ಕೊನೆಯವರೆಗೂ ಅಳಿಸಲಿಲ್ಲ.

ತೆಗೆದುಹಾಕಿದ್ದು

"ನೀರು ಜೀವಕ್ಕೆ ಅಮೂಲ್ಯ" ಅಂತ ಶುರುವಾಗುವ ಇಡೀ ಅಧ್ಯಾಯ ಹೋಯಿತು. ಫ್ಲೋರೈಡ್ ತೆಗೆಯುವ ವಿಧಾನಗಳ ಅಧ್ಯಾಯವೂ ಹೋಯಿತು. ನೀರಿಗೆ ಪಟಕ, ಸುಣ್ಣ ಹಾಕಿ ಕದಡುವ ನಲ್ಗೊಂಡ ವಿಧಾನದ ಬಗ್ಗೆ ಚೆನ್ನಾಗಿಯೇ ಬರೆದಿದ್ದಳು, ಆದರೆ ಈ ಪೇಪರ್ ಕೇಳುವ ಪ್ರಶ್ನೆಗೆ ಅದು ಬೇಡ. ಊರೂರಿಗೆ ಆರ್‌ಒ ಘಟಕ ಹಾಕಬೇಕು ಅನ್ನುವ ಶಿಫಾರಸನ್ನೂ ತೆಗೆದೆವು. ಅವಳು ಯಾವ ಘಟಕವನ್ನೂ ಪರೀಕ್ಷೆ ಮಾಡಿರಲಿಲ್ಲವಲ್ಲ.

"ಇಷ್ಟು ಕಷ್ಟಪಟ್ಟು ಬರೆದಿದ್ದೀನಿ ಮೇಡಂ" ಅಂದಳು. ನಿಜವೇ. ಎಲ್ಲವನ್ನೂ 'ತೆಗೆದಿದ್ದು' ಅನ್ನುವ ಬೇರೆ ಫೈಲಿಗೆ ಹಾಕಿದೆವು. ಅಳಿಸುವುದಕ್ಕಿಂತ ಇದು ಸುಲಭ, ಕೈ ತಡೆಯುವುದಿಲ್ಲ. ಆ ಫೈಲಿನಿಂದ ನಾಳೆ ಇನ್ನೊಂದು ಲೇಖನ ಆಗಬಹುದು.

ಚಿತ್ರದಿಂದ ಶುರು

ಓದುವವರು ಪೀಠಿಕೆಯಿಂದ ಓದುತ್ತಾರೆ. ಬರೆಯುವವರು ಅಲ್ಲಿಂದ ಶುರು ಮಾಡಬೇಕಿಲ್ಲ. ನಾವು ಮೊದಲು ಚಿತ್ರ ಮತ್ತು ಟೇಬಲ್, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ, ಕೊನೆಗೆ ಸಾರಾಂಶ ಮತ್ತು ಶೀರ್ಷಿಕೆ ಅಂತ ಇಟ್ಟುಕೊಂಡೆವು. ಚಿತ್ರ ಒಂದು ಗಟ್ಟಿಯಾದರೆ ಉಳಿದ ಭಾಗಗಳಲ್ಲಿ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಡಿಸರ್ಟೇಶನ್ನಿನಲ್ಲಿ ಬಣ್ಣಬಣ್ಣದ ತ್ರೀಡಿ ಬಾರ್ ಚಾರ್ಟುಗಳಿದ್ದವು. ಬಾರ್ ಓರೆಯಾಗಿ ನಿಂತರೆ ಅದರ ತುದಿ ಯಾವ ಅಂಕಿಯ ಎದುರಿಗಿದೆ ಅಂತ ಕಣ್ಣಿಗೆ ಸಿಗುವುದಿಲ್ಲ. ಎಲ್ಲವನ್ನೂ ತೆಗೆದು ಒಂದೇ ಚಿತ್ರ ಮಾಡಿದೆವು. ಎಡಕ್ಕೆ ಬೇಸಿಗೆ, ಬಲಕ್ಕೆ ಮಳೆ ನಂತರ. ಪ್ರತಿ ಬೋರ್‌ವೆಲ್‌ಗೆ ಎರಡು ಚುಕ್ಕಿ, ನಡುವೆ ಒಂದು ಗೆರೆ. ಇಳಿದವು ಕೆಳಗೆ ಬಾಗುತ್ತವೆ, ಏರಿದವು ಮೇಲೆ ಹೋಗುತ್ತವೆ. ಅಡ್ಡಲಾಗಿ 1.0 ಮತ್ತು 1.5 ಮಿಲಿಗ್ರಾಂ ಹತ್ತಿರ ಎರಡು ಚುಕ್ಕಿಗೆರೆ.

ಆ ಎರಡು ಗೆರೆಗಳಿಗೂ ಒಂದು ರಿಪೇರಿ ಬೇಕಾಯಿತು. ಮೂಲ ಬರಹದಲ್ಲಿ ಒಂದು ಕಡೆ ಮಿತಿ 1.0, ಇನ್ನೊಂದು ಕಡೆ 1.5 ಅಂತಿತ್ತು, ಎರಡಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್‌ನ ಕುಡಿಯುವ ನೀರಿನ ಮಾನದಂಡ ಐಎಸ್ 10500, 2012ರ ಆವೃತ್ತಿ, 1.0 ಅನ್ನು ಒಪ್ಪಬಹುದಾದ ಮಿತಿ ಎನ್ನುತ್ತದೆ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತದೆ. ಮಿತಿ ಮೀರಿದ ಬೋರ್‌ವೆಲ್ ಎಷ್ಟು ಅನ್ನುವ ಲೆಕ್ಕ ಯಾವ ಗೆರೆ ಹಿಡಿದಿರಿ ಅನ್ನುವುದರ ಮೇಲೆ ಬದಲಾಗುತ್ತದೆ. ಎರಡನ್ನೂ ಹೆಸರು ಹೇಳಿ ಬರೆದೆವು.

ಅಂಕಿಅಂಶ ಪರೀಕ್ಷೆಯನ್ನೂ ಬದಲಿಸಿದೆವು. ಬೇಸಿಗೆಯದ್ದೊಂದು ಗುಂಪು, ಮಳೆಯದ್ದೊಂದು ಗುಂಪು ಅಂತ ಬೇರೆಬೇರೆ ಮಾಡಿ ಸಾದಾ ಟಿ-ಟೆಸ್ಟ್, ಅಂದರೆ ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ, ಮಾಡಲಾಗಿತ್ತು. ಒಂದೇ ಬೋರ್‌ವೆಲ್‌ನ ಎರಡು ಅಳತೆ ಜೋಡಿ, ಅವುಗಳನ್ನು ಬಿಡಿಸಬಾರದು. ಪ್ರತಿ ಜೋಡಿಯ ವ್ಯತ್ಯಾಸ ತೆಗೆದು, ಜೋಡಿ ಅಳತೆಗಳಿಗೆ ಹೊಂದುವ ವಿಲ್ಕಾಕ್ಸನ್ ಸೈನ್ಡ್-ರ‍್ಯಾಂಕ್ ಪರೀಕ್ಷೆ ಮಾಡಿದೆವು. ಕೆಲವೇ ಬೋರ್‌ವೆಲ್‌ಗಳು ತುಂಬ ಎತ್ತರಕ್ಕೆ ಹೋಗಿದ್ದರಿಂದ ಸರಾಸರಿ ಬದಲು ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಕೊಟ್ಟೆವು. ಹಾಗಿದ್ದರೂ ಈ ಪರೀಕ್ಷೆ ಉತ್ತರ ಕೊಡುವುದು ಒಟ್ಟಾರೆ ಎತ್ತ ಕಡೆ ಸರಿದಿದೆ ಅನ್ನುವುದಕ್ಕೆ ಮಾತ್ರ. ಏರಿದವು, ಇಳಿದವು ಎರಡೂ ಇರುವಾಗ ಅಷ್ಟಕ್ಕೇ ನಿಂತರೆ ಮತ್ತೆ ಹಳೇ ತೀರ್ಮಾನಕ್ಕೇ ಬರುತ್ತೇವೆ. ಪ್ರತಿ ಬೋರ್‌ವೆಲ್‌ನ ಏರಿಳಿತ ನಿಜವಾದದ್ದೋ, ಅಳತೆಯ ತೊನೆದಾಟವೋ? ಇದಕ್ಕೆ ಉತ್ತರ ಸಿಗಬೇಕಿತ್ತು. ಆ ಉತ್ತರ ನೋಟ್‌ಬುಕ್ಕಿನಲ್ಲಿ ಸಿಕ್ಕಿತು.

ವಿಧಾನ: ನೋಟ್‌ಬುಕ್ಕಿನಲ್ಲಿದ್ದದ್ದನ್ನು ವಾಪಸ್ ತಂದಿದ್ದು

ಜಾಸ್ತಿ ಸಮಯ ಹಿಡಿದದ್ದು ಇಲ್ಲೇ. ಈ ಭಾಗವನ್ನು ಎಲ್ಲರೂ ಬೇಗ ಮುಗಿಸಿಬಿಡುತ್ತಾರೆ. ಆದರೆ ನಂಬಿಕೆ ಹುಟ್ಟುವುದು ಅಥವಾ ಸಾಯುವುದು ಇಲ್ಲಿಯೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಡಿಸರ್ಟೇಶನ್ನಿನ ಸಾಲು ಹೀಗಿತ್ತು: "ಪ್ರಮಾಣಿತ ಕ್ರಮದಂತೆ ನೀರಿನ ಮಾದರಿಗಳನ್ನು ಸಂಗ್ರಹಿಸಿ ವಿಶ್ಲೇಷಿಸಲಾಯಿತು." ಇದನ್ನು ಓದಿ ಬೇರೆಯವರು ಅದೇ ಕೆಲಸ ಮತ್ತೆ ಮಾಡಲು ಸಾಧ್ಯವೇ ಇಲ್ಲ. ನೋಟ್‌ಬುಕ್ ತೆರೆದರೆ ಅದೇ ಕೆಲಸ ಹೀಗೆ ಕಾಣುತ್ತದೆ. ಒಂದು ಪುಟದ ಮೇಲೆ ಬೋರ್‌ವೆಲ್ ನಂಬರು. ಕೆಳಗೆ, "ತ್ರೀಫೇಸ್ ಕರೆಂಟ್ ಬೆಳಿಗ್ಗೆ ಬಂತು. ಮೋಟರ್ ಹಾಕಿ ಹತ್ತು ನಿಮಿಷ ನೀರು ಬಿಟ್ಟ ಮೇಲೆ ಹಿಡಿದೆ." ಅದರ ಕೆಳಗೆ, "ಪ್ಲಾಸ್ಟಿಕ್ ಬಾಟಲು, ಅದೇ ನೀರಲ್ಲಿ ಮೂರು ಸಲ ತೊಳೆದೆ." ಪಕ್ಕದಲ್ಲಿ ಪಿಎಚ್, ಉಷ್ಣತೆ. ಕೆಂಪು ಇಂಕಿನಲ್ಲಿ "×5". ಅಂಚಿನಲ್ಲಿ ಪೆನ್ಸಿಲ್‌ನಲ್ಲಿ, "ಆಳ 1,100 ಅಡಿ, ಯಜಮಾನರು ಹೇಳಿದ್ದು."

ಈ ಒಂದು ಪುಟದಲ್ಲಿ ಇಡೀ ವಿಧಾನ ಇದೆ. ಒಂದೊಂದಾಗಿ ಬಿಡಿಸಿದೆವು.

ಮೋಟರ್ ಹತ್ತು ನಿಮಿಷ ಓಡಿಸುವುದು ಯಾಕೆ ಅಂದರೆ, ಕೇಸಿಂಗ್ ಮತ್ತು ಪೈಪಿನಲ್ಲಿ ನಿಂತ ಹಳೇ ನೀರು ಹೋಗಿ ಬಂಡೆಯ ಸೀಳುಗಳಿಂದ ಹೊಸ ನೀರು ಬರಬೇಕು. ಪ್ಲಾಸ್ಟಿಕ್ ಬಾಟಲು ಯಾಕೆ ಅಂದರೆ, ಫ್ಲೋರೈಡ್ ಗಾಜಿನ ಜೊತೆ ವರ್ತಿಸಬಹುದು. ಎರಡೂ ಪೇಪರ್‌ಗೆ ಬಂದವು.

"×5" ತುಂಬ ಮುಖ್ಯ. ಅವಳು ಬಳಸಿದ್ದು ಬಣ್ಣದ ಬದಲಾವಣೆಯಿಂದ ಫ್ಲೋರೈಡ್ ಅಳೆಯುವ ಸ್ಪ್ಯಾಡ್ನ್ಸ್ ವಿಧಾನ. ಜಿರ್ಕೋನಿಯಂ ಮತ್ತು ಡೈ ಸೇರಿದ ಕೆಂಪು ದ್ರಾವಣದಿಂದ ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಆ ಮಾಸಿದ್ದನ್ನು ಬೆಳಕು ಹಾಯಿಸಿ, ತರಂಗಾಂತರ 570 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ಆದರೆ ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ಬಣ್ಣ ಮಾಸುವುದು ಫ್ಲೋರೈಡಿಗೆ ತಕ್ಕಂತೆ ನೇರ ಗೆರೆಯಲ್ಲಿ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾದರಿಯನ್ನು ಡಿಸ್ಟಿಲ್ಡ್ ವಾಟರ್ ಹಾಕಿ ತೆಳು ಮಾಡಿಯೇ ಅಳೆಯಬೇಕು. ಐದು ಪಟ್ಟು ತೆಳು ಮಾಡಿದಾಗ 0.46 ಬಂದರೆ ಮೂಲ ನೀರಿನಲ್ಲಿ 2.3. ಅವಳು ಸರಿಯಾಗಿಯೇ ಮಾಡಿದ್ದಳು, ಎಕ್ಸೆಲ್‌ನಲ್ಲಿ ಗುಣಿಸಿಯೂ ಇದ್ದಳು. ಬರಹದಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ತಿಳಿದ ರಿವ್ಯೂವರ್ ಯಾರಾದರೂ ಓದಿದರೆ, 1.4ರ ಆಚೆಯ ಅಂಕಿಗಳೆಲ್ಲ ಊಹೆ ಎಂದುಕೊಂಡು ಅಲ್ಲಿಗೇ ಪೇಪರ್ ಕೆಳಗಿಡುತ್ತಾರೆ.

ಇನ್ನೂ ಒಂದು ಸಂಗತಿ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿತ್ತು. ಕೆಲವು ಮಾದರಿಗಳನ್ನು ಅವಳು ಫ್ಲೋರೈಡ್ ಎಲೆಕ್ಟ್ರೋಡ್‌ನಿಂದಲೂ ಅಳೆದಿದ್ದಳು, ಟಿಸಾಬ್ ದ್ರಾವಣ ಸೇರಿಸಿ. ಟಿಸಾಬ್ ಪಿಎಚ್ ಅನ್ನು ಐದರ ಆಸುಪಾಸು ಹಿಡಿದಿಡುತ್ತದೆ, ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಎರಡು ಬೇರೆ ವಿಧಾನದ ಅಂಕಿ ಹತ್ತಿರಹತ್ತಿರ ಬಂದಿದ್ದವು. "ಇದನ್ನ ಯಾಕೆ ಹಾಕಿಲ್ಲಮ್ಮ?" ಅಂದರೆ, "ಎಲ್ಲಾ ಸ್ಯಾಂಪಲ್‌ಗೂ ಮಾಡಿಲ್ವಲ್ಲ ಮೇಡಂ, ಅದಕ್ಕೆ ಬಿಟ್ಟೆ" ಅಂದಳು. ಕೆಲವಕ್ಕೆ ಮಾಡಿದ್ದರೂ ಅದು ಸಾಕ್ಷಿಯೇ. ಎಷ್ಟಕ್ಕೆ ಮಾಡಿದೆ ಅಂತ ಹೇಳಿ ಹಾಕಿದರಾಯಿತು.

ಪ್ರತಿ ಮಾದರಿಯನ್ನು ಮತ್ತೆ ಮತ್ತೆ ಅಳೆದ ರೀಡಿಂಗ್‌ಗಳೂ ಅಲ್ಲೇ ಇದ್ದವು. ಎಕ್ಸೆಲ್‌ಗೆ ಹೋಗಿದ್ದು ಅವುಗಳ ಸರಾಸರಿ ಮಾತ್ರ. ಒಂದೇ ಬಾಟಲಿನ ನೀರು ಪ್ರತಿ ಸಲ ಎಷ್ಟು ಆಚೀಚೆ ತೋರಿಸುತ್ತದೆ ಅನ್ನುವುದು ಆ ರೀಡಿಂಗ್‌ಗಳಿಂದ ಸಿಕ್ಕಿತು. ನಮಗೆ ಬೇಕಿದ್ದ ಗಜಕೋಲು ಅದೇ. ಬೇಸಿಗೆಗೂ ಮಳೆಗೂ ನಡುವಿನ ವ್ಯತ್ಯಾಸ ಈ ಆಚೀಚೆಗಿಂತ ದೊಡ್ಡದಾಗಿದ್ದರೆ ಮಾತ್ರ ಅದು ನಿಜವಾದ ಏರಿಕೆ ಅಥವಾ ಇಳಿಕೆ. ಚಿತ್ರಕ್ಕೆ ವಾಪಸ್ ಹೋಗಿ, ಈ ಮಟ್ಟ ದಾಟದ ಬೋರ್‌ವೆಲ್‌ಗಳ ಗೆರೆಗೆ ಬೂದು ಬಣ್ಣ ಹಾಕಿದೆವು. ದಾಟಿದವು ಕಪ್ಪು. ಬೂದು ಗೆರೆಗಳ ನಡುವೆ ಮೇಲಕ್ಕೂ ಕೆಳಕ್ಕೂ ಹೋಗುವ ಕಪ್ಪು ಗೆರೆಗಳು ಸ್ಪಷ್ಟವಾಗಿ ನಿಂತವು. ಅವಳು ಬಾಯಲ್ಲಿ ಹೇಳಿದ ಮಾತಿಗೆ ಆಧಾರ ಸಿಕ್ಕಿತು. ನನಗಂತೂ ತುಂಬ ಖುಷಿಯಾಯಿತು.

'ಮಳೆ ನಂತರ' ಅನ್ನುವುದನ್ನೂ ಬಿಡಿಸಿ ಬರೆಯಬೇಕಾಯಿತು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ ಮಳೆ. ಬೇರೆ ಕಡೆಯವರು ಓದಿದರೆ ಸೆಪ್ಟೆಂಬರ್ ಹೊತ್ತಿಗೆ ಮಳೆ ಮುಗಿದಿರುತ್ತದೆ ಅಂದುಕೊಳ್ಳುತ್ತಾರೆ. ನೋಟ್‌ಬುಕ್ಕಿನಲ್ಲಿ "ಸ್ವಾತಿ ಮಳೆ ಕಳೆದ ಮೇಲೆ" ಅಂತಿತ್ತು. ಪೇಪರ್‌ನಲ್ಲಿ ತಿಂಗಳುಗಳ ಹೆಸರನ್ನೇ ಹಾಕಿದೆವು.

ಕೆಲವು ಬೋರ್‌ವೆಲ್‌ಗಳಿಗೆ ಎರಡನೇ ಅಳತೆಯೇ ಇರಲಿಲ್ಲ. ಒಂದಷ್ಟು ಬತ್ತಿಹೋಗಿದ್ದವು, ಕೆಲವದರ ಮೋಟರ್ ಸುಟ್ಟಿತ್ತು. ಡಿಸರ್ಟೇಶನ್ ಅವುಗಳನ್ನು ಸುಮ್ನೆ ಬಿಟ್ಟುಬಿಟ್ಟಿತ್ತು. ಬತ್ತಿದ ಬೋರ್‌ವೆಲ್‌ಗಳು ಉಳಿದವಕ್ಕಿಂತ ಬೇರೆ ತರಹ ಇದ್ದಿರಬಹುದು ಅಲ್ವಾ? ಎಷ್ಟು ಬಿಟ್ಟುಹೋದವು, ಯಾಕೆ, ಅವುಗಳ ಬೇಸಿಗೆಯ ಅಂಕಿ ಎಷ್ಟಿತ್ತು ಅಂತ ಒಂದು ಪ್ಯಾರಾ ಸೇರಿಸಿದೆವು.

ಬೋರ್‌ವೆಲ್ ಯಾರದ್ದು ಅನ್ನುವುದು

ಒಬ್ಬ ರೈತರು ನೀರು ಕೊಡುವಾಗಲೇ ಅವಳಿಗೆ ಹೇಳಿದ್ದರಂತೆ, "ನನ್ ಹೆಸರು ಎಲ್ಲೂ ಹಾಕ್ಬೇಡಮ್ಮ." ಹೆಸರು ಹಾಕಿರಲಿಲ್ಲ. ಆದರೆ ಟೇಬಲ್‌ನಲ್ಲಿ ಜಿಪಿಎಸ್ ಅಂಕಿ ದಶಮಾಂಶದ ಐದು ಸ್ಥಾನಗಳವರೆಗೆ ಇತ್ತು. ಐದು ಸ್ಥಾನ ಅಂದರೆ ಸುಮಾರು ಒಂದು ಮೀಟರ್. ಫೋನಿನಲ್ಲಿ ಹಾಕಿದರೆ ಅವರ ಪಂಪ್‌ಹೌಸಿನ ಬಾಗಿಲಿಗೇ ಕರೆದೊಯ್ಯುತ್ತದೆ. ಎರಡು ಸ್ಥಾನಕ್ಕೆ ಇಳಿಸಿದೆವು, ಸುಮಾರು ಒಂದು ಕಿಲೋಮೀಟರ್ ಆಯಿತು. ನಕ್ಷೆಯನ್ನೂ ಹಾಗೇ ಬದಲಿಸಿದೆವು. ಭೂವಿಜ್ಞಾನದ ಮಾತಿಗೆ ಇದರಿಂದ ಏನೂ ಕಡಿಮೆಯಾಗಲಿಲ್ಲ.

ಫಲಿತಾಂಶ, ಚರ್ಚೆ

ಫಲಿತಾಂಶದ ಭಾಗ ಬೇಗ ಆಯಿತು. "ಟೇಬಲ್ 4 ಫ್ಲೋರೈಡ್ ಪ್ರಮಾಣವನ್ನು ತೋರಿಸುತ್ತದೆ" ಅನ್ನುವಂಥ ಸಾಲುಗಳನ್ನೆಲ್ಲ ತಿರುಗಿಸಿದೆವು. ಕಂಡದ್ದನ್ನು ಮೊದಲು ಹೇಳಿ, ಟೇಬಲ್ ನಂಬರನ್ನು ಸಾಲಿನ ಕೊನೆಗೆ ಬ್ರಾಕೆಟ್ಟಿನಲ್ಲಿ ಹಾಕಿದೆವು. ಎಕ್ಸೆಲ್ ಕೊಟ್ಟ 1.83333 ಎಲ್ಲ 1.8 ಆದವು. ಉಪಕರಣಕ್ಕೆ ಅಷ್ಟು ಸೂಕ್ಷ್ಮ ಗೊತ್ತೇ ಇಲ್ಲದಿರುವಾಗ ಅಷ್ಟು ಅಂಕಿ ಬರೆಯುವುದು ಸುಳ್ಳು ಹೇಳಿದ ಹಾಗೆ.

ಚರ್ಚೆಯಲ್ಲಿ ಒಂದು ಕ್ರಿಯಾಪದಕ್ಕಾಗಿ ಒಂದು ಮಧ್ಯಾಹ್ನ ಕಳೆಯಿತು. "ಮಳೆ ನೀರಿನ ಇಂಗುವಿಕೆಯಿಂದ ಫ್ಲೋರೈಡ್ ಹೆಚ್ಚಿದೆ" ಅಂತ ಅವಳು ಬರೆದಿದ್ದಳು. ಅಳೆದದ್ದು ಫ್ಲೋರೈಡ್, ಇಂಗುವಿಕೆ ಅಲ್ಲ. ನಮ್ಮ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದ್ದು. ಅವುಗಳಲ್ಲಿರುವ ಬಯೋಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಕರಗುತ್ತದೆ, ಯಾಕೆಂದರೆ ಕ್ಯಾಲ್ಸಿಯಂ ಜಾಸ್ತಿ ಇದ್ದಾಗ ಫ್ಲೋರೈಡ್ ಅದರ ಜೊತೆ ಸೇರಿ ಕೆಳಗೆ ಕೂರುತ್ತದೆ. ಹೊಸ ನೀರು ಬಂದು ಸೇರಿದರೆ ಫ್ಲೋರೈಡ್ ತೆಳುವಾಗಬಹುದು. ಅದೇ ನೀರು ಮೇಲಿನ ಮಣ್ಣಿನಲ್ಲಿ ಬೇಸಿಗೆಯಿಡೀ ಉಳಿದ ಉಪ್ಪುಗಳನ್ನು ತೊಳೆದುಕೊಂಡು ಇಳಿದರೆ ಹೆಚ್ಚಾಗಲೂಬಹುದು. ಎರಡೂ ಸಾಧ್ಯ. ನಮ್ಮ ಅಳತೆ ಇವೆರಡನ್ನು ಬೇರ್ಪಡಿಸುವುದಿಲ್ಲ. ಹಾಗಾಗಿ "ಹೆಚ್ಚಿದೆ" ಅನ್ನುವುದು ಫಲಿತಾಂಶಕ್ಕೆ ಹೋಯಿತು, "ಇದರಿಂದ ಆಗಿರಬಹುದು" ಅನ್ನುವುದು ಚರ್ಚೆಗೆ ಬಂತು.

ಮಿತಿಗಳನ್ನು ಮುಚ್ಚಿಡದೆ ಬರೆದೆವು. ಒಂದೇ ವರ್ಷದ ಅಳತೆ. ಬೋರ್‌ವೆಲ್ ಆಳ ಯಜಮಾನರ ಬಾಯಿಮಾತು, ಅದಕ್ಕೇ ಆಳದ ಮೇಲೆ ಯಾವ ತೀರ್ಮಾನವನ್ನೂ ಕಟ್ಟಲಿಲ್ಲ.

ಪೀಠಿಕೆ ಮತ್ತು ಹೆಸರುಗಳು

ಪೀಠಿಕೆ ಮೂರೇ ಪ್ಯಾರಾ. ಗೊತ್ತಿರುವುದು, ಗೊತ್ತಿಲ್ಲದಿರುವುದು, ನಾವು ಮಾಡಿದ್ದು. ಉಲ್ಲೇಖಗಳನ್ನು ಮೂಲದವರೆಗೆ ಹಿಂಬಾಲಿಸಿದೆವು. ಭಾರತದಲ್ಲಿ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ರೋಗ) ಮೊದಲು ವರದಿಯಾದದ್ದಕ್ಕೆ ಇತ್ತೀಚಿನ ಯಾವುದೋ ಲೇಖನದ ಹೆಸರಿತ್ತು. ಅದನ್ನು ವರದಿ ಮಾಡಿದ್ದು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಓದದೇ ಇರುವುದನ್ನು ಉಲ್ಲೇಖಿಸಬಾರದು, ಅಷ್ಟೇ.

ಲೇಖಕರ ಪಟ್ಟಿಗೆ ಇನ್ನೊಬ್ಬ ಹಿರಿಯರ ಹೆಸರು ಸೇರಿಸಿ ಎಂಬ ಸಲಹೆ ಬಂತು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ತೋರಿಸಿದೆವು. ಕೆಲಸದಲ್ಲಿ ನಿಜವಾದ ಪಾಲಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಕೈಯಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಹೊಣೆ ಹೊರಬೇಕು. ನಾಲ್ಕೂ ಇದ್ದರೆ ಮಾತ್ರ ಲೇಖಕ. ಅವರು ಒಪ್ಪಿದರು. ಲ್ಯಾಬ್ ಅಟೆಂಡರ್‌ಗೂ ನೀರು ಕೊಟ್ಟ ರೈತರಿಗೂ ಕೃತಜ್ಞತೆಯಲ್ಲಿ ಜಾಗ ಸಿಕ್ಕಿತು.

ಕಳಿಸಿದ್ದು, ಉತ್ತರ ಬಂದಿದ್ದು

ಈ ನಡುವೆ ಅವಳ ವಾಟ್ಸಾಪಿಗೆ ಒಂದು ಸಂದೇಶ ಬಂದಿತ್ತು, ಹಣ ಕಟ್ಟಿದರೆ ಎರಡೇ ದಿನದಲ್ಲಿ ಪ್ರಕಟಣೆ ಅಂತ. ಐಎಸ್ಎಸ್ಎನ್ ನಂಬರೂ ಇತ್ತು. ಅದು ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. ಯುಜಿಸಿ ತನ್ನ ಕೇರ್ ಪಟ್ಟಿಯನ್ನು (ಒಪ್ಪಬಹುದಾದ ಜರ್ನಲ್‌ಗಳ ಪಟ್ಟಿ) 2025ರಲ್ಲಿ ಕೈಬಿಟ್ಟ ಮೇಲೆ ಈ ಜರಡಿ ಹಿಡಿಯುವ ಕೆಲಸ ನಮ್ಮ ಮೇಲೇ ಬಿದ್ದಿದೆ. ನಾವು ಮಾಡಿದ್ದು ಇಷ್ಟೇ: ನಮ್ಮ ಉಲ್ಲೇಖಗಳಲ್ಲಿ ಯಾವ ಜರ್ನಲ್‌ಗಳು ಮತ್ತೆ ಮತ್ತೆ ಬರುತ್ತವೆ ನೋಡಿ, ಅವುಗಳಲ್ಲಿ ಅಂತರ್ಜಲದ ಲೇಖನ ನಿಯಮಿತವಾಗಿ ಹಾಕುವ, ನಮ್ಮಿಂದ ಶುಲ್ಕ ಕೇಳದ ಒಂದನ್ನು ಆರಿಸಿದೆವು.

ರಿವ್ಯೂ ಇಬ್ಬರಿಂದ ಬಂತು. ಪ್ರತಿ ಟಿಪ್ಪಣಿಯನ್ನು ಹಾಗೇ ನಕಲು ಮಾಡಿ, ಕೆಳಗೆ ನಮ್ಮ ಉತ್ತರ, ಬದಲಾದ ಪುಟ ಮತ್ತು ಸಾಲಿನ ನಂಬರು ಕೊಟ್ಟೆವು. ತೆಳು ಮಾಡಿದ ಕ್ರಮ ಸ್ಪಷ್ಟವಾಗಿದೆ ಅಂತ ಒಬ್ಬರು ಬರೆದಿದ್ದು ನೋಡಿ ಅವಳ ಮುಖ ಅರಳಿತು. ಇನ್ನೊಬ್ಬರು ಕ್ಯಾಲ್ಸಿಯಂ ಅಂಕಿ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಒಟ್ಟು ಗಡಸುತನ, ಅದರಲ್ಲಿ ಮೆಗ್ನೀಸಿಯಂ ಕೂಡ ಸೇರಿರುತ್ತದೆ. ಇಲ್ಲ ಅಂತಲೇ ಬರೆದೆವು, ಕ್ಯಾಲ್ಸಿಯಂ ಕುರಿತ ಸಾಲನ್ನು ಚರ್ಚೆಯಲ್ಲಿ ಇನ್ನೂ ಮೆತ್ತಗೆ ಮಾಡಿ ಮಿತಿಗಳ ಪಟ್ಟಿಗೆ ಸೇರಿಸಿದೆವು.

ತಿದ್ದಿದ ಪ್ರತಿ ಹೋಗಿದೆ. ಮರುಅಳತೆಗಳೂ ಸೇರಿದ ಪೂರ್ತಿ ಡೇಟಾ ಫೈಲನ್ನು ಜೆನೋಡೊ ಅನ್ನುವ ಆನ್‌ಲೈನ್ ಡೇಟಾ ಭಂಡಾರದಲ್ಲಿ ಇಟ್ಟು ಡಿಒಐ (ಕಾಯಂ ಗುರುತಿನ ಸಂಖ್ಯೆ) ತೆಗೆದುಕೊಂಡಿದ್ದೇವೆ. ಮುಂದಿನ ಬೇಸಿಗೆಗೆ ಅದೇ ಬೋರ್‌ವೆಲ್‌ಗಳಿಗೆ ಮತ್ತೆ ಹೋಗುತ್ತಾಳೆ, ಈ ಸಲ ಕ್ಯಾಲ್ಸಿಯಂ ಟೈಟ್ರೇಶನ್ ಸಾಮಾನೂ ತಯಾರಿದೆ. ಹೋಗುವಾಗ ಪ್ರತಿ ಯಜಮಾನರಿಗೂ ಒಂದು ಚೀಟಿ. ಅವರ ಬೋರ್‌ವೆಲ್‌ನ ಎರಡೂ ಅಂಕಿ, ಪಕ್ಕದಲ್ಲಿ 1.0 ಮತ್ತು 1.5ರ ಮಿತಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅನ್ನುವ ಒಂದು ಸಾಲು. ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಪ್ರಿಂಟ್ ಮಾಡಿಸುತ್ತಿದ್ದೇವೆ.